ಹಿಮದ ಮೇಲೆ ಜಾರುವ ಮುನ್ನ

"ಮಾಮು, ಇನ್ನೊಂದೇ ಸಲ. ಮೇಲೆ ಹೋಗಿ ಬಂದ್ಬಿಡ್ತೀನಿ."

ಕಳೆದ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಹಿಮದ ಬಯಲಿನಲ್ಲಿ ನನ್ನ ಅಕ್ಕನ ಮಗ ಹೇಳಿದ ಮಾತಿದು. ಆಗ ಮಧ್ಯಾಹ್ನ ಮೂರೂವರೆ ದಾಟಿತ್ತು. ಬೆಳಿಗ್ಗೆಯಿಂದ ಜಾರಿ ಜಾರಿ ಅವನ ತೊಡೆಗಳು ನಡುಗುತ್ತಿದ್ದವು. ಬಿಸಿಲು ಇಳಿದು, ಹಗಲಿನಲ್ಲಿ ಮೆತ್ತಗಾಗಿದ್ದ ಹಿಮ ಮತ್ತೆ ಗಟ್ಟಿಯಾಗತೊಡಗಿತ್ತು. ನಾನು "ಸಾಕು ಬಾ" ಎಂದೆ. ಅವನು ನಕ್ಕು ಹೋದ. ಹತ್ತು ನಿಮಿಷದ ನಂತರ ಇಬ್ಬರು ಅವನನ್ನು ಸ್ಲೆಡ್ಜ್ ಮೇಲೆ ಮಲಗಿಸಿಕೊಂಡು ಕೆಳಗೆ ತಂದರು. ಎಡ ಮೊಣಕಾಲಿನ ಒಳಗಿರುವ ಮುಖ್ಯ ಲಿಗಮೆಂಟ್ ಹರಿದಿತ್ತು.

ಹುಡುಗನಿಗೆ ಇಪ್ಪತ್ತಾರು ವರ್ಷ. ದಾವಣಗೆರೆಯಲ್ಲಿ ಪ್ರತಿ ಭಾನುವಾರ ಕ್ರಿಕೆಟ್ ಆಡುವವನು, ಗಟ್ಟಿಮುಟ್ಟಾದವನು. ಬಿದ್ದದ್ದು ಯಾವ ಕಡಿದಾದ ಪ್ರಪಾತದಲ್ಲೂ ಅಲ್ಲ, ಹೊಸಬರು ಕಲಿಯುವ ಸಣ್ಣ ಇಳಿಜಾರಿನಲ್ಲಿ. ಊರಿಗೆ ಬಂದ ಮೇಲೆ ಮೂಳೆ ವೈದ್ಯರು ಒಂದೊಂದಾಗಿ ಕೇಳಿದರು: ಎಷ್ಟು ಹೊತ್ತಿನಿಂದ ಆಡುತ್ತಿದ್ದೆ? ಬೂಟು ಕಾಲಿಗೆ ಸರಿಯಾಗಿತ್ತೇ? ಬಿದ್ದಾಗ ಸ್ಕೀ ಕಾಲಿನಿಂದ ಬಿಚ್ಚಿಕೊಂಡಿತೇ? ಮೂರಕ್ಕೂ ಸಿಕ್ಕ ಉತ್ತರ ಸರಿಯಿರಲಿಲ್ಲ. ಸುಸ್ತಾಗಿತ್ತು. ಬಾಡಿಗೆಗೆ ತಂದ ಬೂಟು ದೊಡ್ಡದಾಗಿತ್ತು. ಸ್ಕೀ ಬಿಚ್ಚಿಕೊಳ್ಳಲಿಲ್ಲ. ಮೂರೂ ಹಣ ಕೊಟ್ಟು ತಂದ ಕಷ್ಟಗಳಲ್ಲ, ಮೊದಲೇ ಗಮನಿಸಿದ್ದರೆ ತಪ್ಪಿಸಬಹುದಾಗಿದ್ದ ಸಣ್ಣ ವಿಷಯಗಳು.

ಈಗ ನಮ್ಮ ಊರುಗಳಿಂದಲೂ ಎಷ್ಟೋ ಕುಟುಂಬಗಳು ಚಳಿಗಾಲದಲ್ಲಿ ಕಾಶ್ಮೀರಕ್ಕೆ ಹೋಗುತ್ತಿವೆ. 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ನೇರ ರೈಲೂ ಇದೆ. ಹೋದವರಲ್ಲಿ ಹಲವರು ಒಂದು ದಿನವಾದರೂ ಸ್ಕೀ ಕಟ್ಟಿಕೊಂಡು ನೋಡುತ್ತಾರೆ. ಅವರಿಗಾಗಿ ಈ ಲೇಖನ.

ಆಟ ನಮ್ಮದಲ್ಲ ಎನ್ನಬೇಡಿ

ಸ್ಕೀಯಿಂಗ್ ಎಂದರೆ ಯೂರೋಪಿನವರ ಆಟ ಎಂಬ ಭಾವನೆ ನಮ್ಮಲ್ಲಿದೆ. ಗುಲ್ಮಾರ್ಗ್ ಕಡೆಯ ಮುಹಮ್ಮದ್ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದರು. ಅದಕ್ಕೂ ಬಹಳ ಮೊದಲು, 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಅದೇ ಕಣಿವೆಯ ಗುಲ್ ದೇವ್ ಸ್ಪರ್ಧಿಸಿದ್ದರು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಹಿಮವೇ ಬೀಳದ ನಾಡಿನವರೂ ಕಲಿಯಬಹುದು. ಆದರೆ ತಯಾರಿ ಬೇಕು.

ಗುಲ್ಮಾರ್ಗ್ ಇರುವುದು ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿ. ಊರಿನ ಪಕ್ಕದ ಬಯಲಿನಲ್ಲಿ ಹೊಸಬರು ಕಲಿಯುತ್ತಾರೆ. ಅಲ್ಲಿಂದ ಗೊಂಡೋಲಾ ಎಂಬ ತೂಗುಪೆಟ್ಟಿಗೆಯಲ್ಲಿ ಮೊದಲ ಹಂತ ಏರಿದರೆ 3,000 ಮೀಟರ್ ದಾಟಿದ ಕಾಂಗ್‌ಡೂರಿ. ಎರಡನೇ ಹಂತ ಏರಿದರೆ ಸುಮಾರು 3,950 ಮೀಟರ್ ಎತ್ತರದ ಅಫರ್ವಟ್. ಅಲ್ಲಿಂದ ಇಳಿಯುವುದು ನುರಿತವರಿಗೆ ಮಾತ್ರ. ಗೊಂಡೋಲಾ ಟಿಕೆಟ್ ಯಾರಿಗೆ ಬೇಕಾದರೂ ಸಿಗುತ್ತದೆ. ಟಿಕೆಟ್ ಸಿಕ್ಕಿತು ಎಂದರೆ ಇಳಿಯುವ ಶಕ್ತಿಯೂ ಬಂತು ಎಂದಲ್ಲ.

ಎಂಟು ವಾರ ಮೊದಲೇ ಶುರು ಮಾಡಿ

ನೋಡುವವರಿಗೆ ಸ್ಕೀಯಿಂಗ್ ಎಂದರೆ ನಿಂತುಕೊಂಡು ಜಾರುವುದು. ನಿಜವಾಗಿ ಅದು ಅರ್ಧ ಕುಳಿತ ಭಂಗಿಯಲ್ಲಿ ಗಂಟೆಗಟ್ಟಲೆ ತೂಕ ಹೊರುವ ಕೆಲಸ. ಮುಖ್ಯವಾಗಿ ದುಡಿಯುವುದು ತೊಡೆಯ ಮುಂಭಾಗ ಮತ್ತು ಹಿಂಭಾಗದ ಸ್ನಾಯುಗಳು, ಸೊಂಟ, ಹೊಟ್ಟೆ. ಈ ಸ್ನಾಯುಗಳು ಸೋತಾಗ ಭಾರ ಮೊಣಕಾಲಿನ ಲಿಗಮೆಂಟ್‌ಗಳ ಮೇಲೆ ಬೀಳುತ್ತದೆ. ಸ್ಕೀಯಿಂಗ್‌ನಲ್ಲಿ ಹೆಚ್ಚಾಗಿ ಪೆಟ್ಟಾಗುವ ಭಾಗ ಮೊಣಕಾಲೇ.

ಇದಕ್ಕೆ ಜಿಮ್ ಬೇಕಿಲ್ಲ. ಮನೆಯಲ್ಲೇ ಆರರಿಂದ ಎಂಟು ವಾರ, ವಾರಕ್ಕೆ ನಾಲ್ಕು ದಿನ, ಅರ್ಧ ಗಂಟೆ ಸಾಕು.

ಮೊದಲನೆಯದು ಗೋಡೆಗೆ ಬೆನ್ನು ಒರಗಿಸಿ, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕುಳಿತಂತೆ ನಿಲ್ಲುವುದು. ಮೊದಲ ದಿನ ಇಪ್ಪತ್ತು ಸೆಕೆಂಡಿಗೇ ತೊಡೆ ಉರಿಯುತ್ತದೆ. ದಿನ ದಿನಕ್ಕೆ ಹೆಚ್ಚಿಸಿ ಒಂದೂವರೆ ನಿಮಿಷಕ್ಕೆ ತನ್ನಿ. ಎರಡನೆಯದು ಬಸ್ಕಿ. ಮೊಣಕಾಲು ಒಳಗೆ ವಾಲದಂತೆ, ಕಾಲ್ಬೆರಳಿನ ನೇರಕ್ಕೇ ಇರುವಂತೆ ನೋಡಿಕೊಳ್ಳಿ. ಮೂರನೆಯದು ಒಂದು ಕಾಲು ಮುಂದಿಟ್ಟು ಬಗ್ಗಿ ಏಳುವುದು. ನಾಲ್ಕನೆಯದು ಒಂಟಿ ಕಾಲಿನ ಮೇಲೆ ನಿಲ್ಲುವುದು. ಹಲ್ಲುಜ್ಜುವಾಗ ಇದನ್ನು ಮಾಡಬಹುದು. ಅಭ್ಯಾಸವಾದ ಮೇಲೆ ಕಣ್ಣು ಮುಚ್ಚಿಕೊಂಡು ಪ್ರಯತ್ನಿಸಿ, ಪಕ್ಕದಲ್ಲಿ ಗೋಡೆಯಿರಲಿ. ಇದರ ಜೊತೆಗೆ ಮೆಟ್ಟಿಲು ಹತ್ತಿಳಿಯುವುದು. ಹತ್ತುವುದಕ್ಕಿಂತ ಇಳಿಯುವುದು ಮುಖ್ಯ, ಯಾಕೆಂದರೆ ಇಳಿಜಾರಿನಲ್ಲಿ ತೊಡೆಯ ಸ್ನಾಯು ಮಾಡುವ ಕೆಲಸವೂ ಅಂಥದ್ದೇ.

ನಲವತ್ತು ದಾಟಿದವರು, ರಕ್ತದೊತ್ತಡ, ಮಧುಮೇಹ, ಹೃದಯದ ತೊಂದರೆ, ಆಸ್ತಮಾ ಇರುವವರು, ಮೊಣಕಾಲಿಗೆ ಹಿಂದೆ ಪೆಟ್ಟಾದವರು ಮೊದಲು ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಸ್ಕೀ ಕಟ್ಟಿಕೊಳ್ಳುವುದೇ ಬೇಡ.

ಬೂಟು ಸರಿಯಿದ್ದರೆ ಅರ್ಧ ಗೆದ್ದಂತೆ

ಗುಲ್ಮಾರ್ಗ್‌ನಲ್ಲಿ ಸ್ಕೀ, ಬೂಟು, ಕೋಲು ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಹೊಸಬರು ಕೊಳ್ಳುವ ಅಗತ್ಯವಿಲ್ಲ. ಆದರೆ ಅಂಗಡಿಯವನು ಕೈಗೆ ಸಿಕ್ಕ ಬೂಟು ಕೊಡುತ್ತಾನೆ, ನಾವು "ಕಾಲು ಒಳಗೆ ಹೋಯಿತಲ್ಲ" ಎಂದು ಎದ್ದು ಬರುತ್ತೇವೆ. ನಮ್ಮ ಹುಡುಗ ಮಾಡಿದ್ದೂ ಅದನ್ನೇ. ಬಿಗಿಯಾಗಿದ್ದರೆ ನೋಯುತ್ತದೆ ಎಂದು ಒಂದು ಅಳತೆ ದೊಡ್ಡದನ್ನೇ ಆರಿಸಿದ.

ಸ್ಕೀ ಬೂಟು ಚಪ್ಪಲಿ ಅಂಗಡಿಯ ನಂಬರಿನಲ್ಲಿ ಬರುವುದಿಲ್ಲ. ಅದರ ಅಳತೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. ಮನೆಯಲ್ಲೇ ಒಂದು ಕಾಗದದ ಮೇಲೆ ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು, ಉದ್ದದ ಬೆರಳಿನ ತುದಿಗೆ ಗೆರೆ ಎಳೆದು ಅಳೆಯಿರಿ. ಎರಡೂ ಪಾದ ಅಳೆಯಿರಿ, ಒಂದು ಇನ್ನೊಂದಕ್ಕಿಂತ ದೊಡ್ಡದಿರಬಹುದು. 26 ಸೆಂಟಿಮೀಟರ್ ಬಂದರೆ 26ರ ಆಸುಪಾಸಿನ ಬೂಟು ಕೇಳಿ.

ಹಾಕಿಕೊಂಡು ನೋಡುವ ಕ್ರಮ ಹೀಗೆ: ಒಳಗಿನ ಮೆತ್ತನೆಯ ಪದರ ತೆಗೆದು, ಬರೀ ಗಟ್ಟಿ ಕವಚದೊಳಗೆ ಕಾಲಿಟ್ಟು, ಬೆರಳು ಮುಂದಕ್ಕೆ ತಾಗಿಸಿ. ಆಗ ಹಿಮ್ಮಡಿಯ ಹಿಂದೆ ಒಂದರಿಂದ ಎರಡು ಬೆರಳು ಹಿಡಿಯುವಷ್ಟು ಜಾಗವಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಬೂಟು ದೊಡ್ಡದು. ಆಮೇಲೆ ಒಳಪದರ ಸೇರಿಸಿ, ಬಕಲ್ ಹಾಕಿ. ನೆಟ್ಟಗೆ ನಿಂತಾಗ ಬೆರಳು ಮುಂದೆ ಸ್ವಲ್ಪ ತಾಗಬೇಕು, ಮೊಣಕಾಲು ಬಗ್ಗಿಸಿ ಮುಂದಕ್ಕೆ ಒರಗಿದಾಗ ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು. ಎದ್ದರೆ ನೀವು ಬಲಕ್ಕೆ ತಿರುಗಿಸಿದ ಕಾಲು ಬೂಟಿನೊಳಗೇ ತಿರುಗಿ, ಸ್ಕೀ ನೇರವಾಗಿ ಹೋಗುತ್ತಿರುತ್ತದೆ.

ಬೂಟು ಹಾಕಿಕೊಂಡು ಅಂಗಡಿಯಲ್ಲೇ ಹತ್ತು ನಿಮಿಷ ಕೂರಿ, ನಡೆಯಿರಿ. ಎಲ್ಲ ಕಡೆ ಸಮನಾಗಿ ಬಿಗಿಯಾಗಿದ್ದರೆ ಒಳ್ಳೆಯದು. ಒಂದೇ ಜಾಗದಲ್ಲಿ ಚುಚ್ಚಿದರೆ, ಬೆರಳು ಜೋಮು ಹಿಡಿದರೆ ಬದಲಾಯಿಸಿ. ಬದಲಾಯಿಸಿ ಎಂದು ಕೇಳಲು ನಾಚಿಕೆ ಬೇಡ. ನಾವು ನಾಚಿಕೊಂಡದ್ದಕ್ಕೆ ತೆತ್ತ ಬೆಲೆ ದೊಡ್ಡದು.

ಕಾಲುಚೀಲ ಒಂದೇ ಜೊತೆ. ಇದನ್ನು ಒತ್ತಿ ಹೇಳುತ್ತೇನೆ. ಚಳಿಗೆ ಹೆದರಿ ಎರಡು ಮೂರು ಜೊತೆ ಹಾಕಿಕೊಂಡರೆ ಕಾಲು ಬಿಗಿದು ರಕ್ತ ಓಡಾಡುವುದಿಲ್ಲ, ಆಗ ಚಳಿ ಇನ್ನೂ ಹೆಚ್ಚಾಗುತ್ತದೆ. ಪದರಗಳು ಮಡಚಿಕೊಂಡು ಬೊಬ್ಬೆಯೂ ಬರುತ್ತದೆ. ಮೊಣಕಾಲಿನವರೆಗೆ ಬರುವ ಉಣ್ಣೆಯ ಅಥವಾ ಸಿಂಥೆಟಿಕ್ ತೆಳು ಕಾಲುಚೀಲ ಸಾಕು. ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತುರುಕಬೇಡಿ.

ಇಲ್ಲಿ ಶುಚಿತ್ವದ ಮಾತೂ ಇದೆ. ಬಾಡಿಗೆ ಬೂಟಿನೊಳಗೆ ದಿನಕ್ಕೊಬ್ಬರ ಬೆವರು ಇಳಿದಿರುತ್ತದೆ. ಒದ್ದೆ ಬೂಟನ್ನು ತೆಗೆದುಕೊಳ್ಳಬೇಡಿ, ಒಳಗೆ ಕೈ ಹಾಕಿ ನೋಡಿ. ಕಾಲುಚೀಲ ನಿಮ್ಮದೇ ಇರಲಿ, ದಿನಕ್ಕೊಂದು ಜೊತೆ ಬದಲಿಸಿ. ಸಂಜೆ ಪಾದ ತೊಳೆದು, ಬೆರಳ ಸಂದುಗಳನ್ನು ಒಣಗಿಸಿ. ಒದ್ದೆ ಬೆರಳ ಸಂದಿನಲ್ಲೇ ಶಿಲೀಂಧ್ರದ ತುರಿಕೆ ಹುಟ್ಟುವುದು. ಹೋಗುವ ಮುನ್ನ ಉಗುರು ಕತ್ತರಿಸಿ. ಉದ್ದ ಉಗುರು ಬೂಟಿನ ಮುಂಭಾಗಕ್ಕೆ ಬಡಿದು ಕಪ್ಪಾಗುತ್ತದೆ.

ಬಿದ್ದಾಗ ಬಿಚ್ಚಿಕೊಳ್ಳಬೇಕು

ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನಕ್ಕೆ ಬೈಂಡಿಂಗ್ ಎನ್ನುತ್ತಾರೆ. ಸಾಮಾನ್ಯವಾಗಿ ಜಾರುವಾಗ ಅದು ಹಿಡಿದಿರಬೇಕು, ಕಾಲು ತಿರುಚುವಷ್ಟು ಬಲ ಬಿದ್ದಾಗ ಬಿಚ್ಚಿಕೊಳ್ಳಬೇಕು. ಎಷ್ಟು ಬಲಕ್ಕೆ ಬಿಚ್ಚಬೇಕು ಎಂಬುದನ್ನು ಸ್ಕ್ರೂ ತಿರುಗಿಸಿ ಹೊಂದಿಸುತ್ತಾರೆ. ಅದು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ನೀವು ಎಷ್ಟು ಕಲಿತವರು ಎಂಬುದನ್ನು ಅವಲಂಬಿಸಿದೆ. ನೂರು ಕಿಲೋ ತೂಕದವರಿಗೆ ಹೊಂದಿಸಿದ್ದ ಸ್ಕೀಯನ್ನು ಐವತ್ತು ಕಿಲೋದ ಹುಡುಗಿ ಕಟ್ಟಿಕೊಂಡರೆ ಬಿದ್ದಾಗ ಸ್ಕೀ ಬಿಚ್ಚುವುದಿಲ್ಲ, ಕಾಲು ತಿರುಚುತ್ತದೆ.

ಆದ್ದರಿಂದ ನಿಮ್ಮ ತೂಕ ಎಷ್ಟು ಎಂದು ಕೇಳದೆ ಸ್ಕೀ ಕೊಡುವ ಅಂಗಡಿಯಿಂದ ತೆಗೆದುಕೊಳ್ಳಬೇಡಿ. ನಮ್ಮನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ. ನಾಲ್ಕು ಕಿಲೋ ಕಡಿಮೆ ಹೇಳುವ ಸಂಕೋಚವೂ ಬೇಡ. ಹೊಂದಿಸುವ ಕೆಲಸ ತಿಳಿದವರೇ ಮಾಡಲಿ, ನೀವೇ ಸ್ಕ್ರೂ ತಿರುಗಿಸಬೇಡಿ. ಪ್ರತಿ ಬಾರಿ ಕಟ್ಟಿಕೊಳ್ಳುವ ಮುನ್ನ ಬೂಟಿನ ಅಡಿಗೆ ಅಂಟಿದ ಹಿಮವನ್ನು ಕೆರೆದು ತೆಗೆಯಿರಿ. ಅದು ನಡುವೆ ಸಿಕ್ಕಿಕೊಂಡರೂ ಬೈಂಡಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಹೊಸಬರಿಗೆ ಚಿಕ್ಕ ಸ್ಕೀ ಒಳ್ಳೆಯದು. ನಿಲ್ಲಿಸಿದರೆ ಎದೆಗೂ ಗಲ್ಲಕ್ಕೂ ನಡುವೆ ಬರುವಂಥದ್ದು ಸಾಕು. ಕೋಲನ್ನು ತಲೆಕೆಳಗಾಗಿ ಹಿಡಿದು, ತುದಿಯ ಬಿಲ್ಲೆಯ ಕೆಳಗೆ ಕೈಯಿಟ್ಟಾಗ ಮೊಣಕೈ ನೇರ ಕೋನದಲ್ಲಿ ಬಾಗಿದರೆ ಉದ್ದ ಸರಿಯಾಗಿದೆ. ಬೀಳುವಾಗ ಕೋಲನ್ನು ಬಿಟ್ಟುಬಿಡಿ. ಹಿಡಿದುಕೊಂಡೇ ಅಂಗೈ ಊರಿ ಬಿದ್ದರೆ ಹೆಬ್ಬೆರಳು ಹಿಂದಕ್ಕೆ ಬಾಗಿ ಬುಡದ ಲಿಗಮೆಂಟ್ ಹರಿಯುತ್ತದೆ. ಈ ಪೆಟ್ಟು ಎಷ್ಟು ಸಾಮಾನ್ಯವೆಂದರೆ ಅದಕ್ಕೆ ಸ್ಕೀಯರ್‌ನ ಹೆಬ್ಬೆರಳು ಎಂದೇ ಹೆಸರು. ಕಲಿಯುವ ದಿನಗಳಲ್ಲಿ ಕೋಲಿನ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಳ್ಳದಿದ್ದರೂ ನಡೆಯುತ್ತದೆ.

ತಲೆ, ಕಣ್ಣು, ಮೈ

ಹೆಲ್ಮೆಟ್ ಇಲ್ಲದೆ ಇಳಿಯಬೇಡಿ. ಹಿಮ ಮೆತ್ತಗಿದೆ ಎಂಬುದು ನೋಡುವವರ ಭ್ರಮೆ. ತುಳಿದು ಗಟ್ಟಿಯಾದ ಹಿಮ ನೆಲದಷ್ಟೇ ಗಟ್ಟಿ. ಹೆಲ್ಮೆಟ್ ತಲೆಯಲ್ಲಿ ಅಲುಗಾಡಬಾರದು, ಗಲ್ಲದ ಪಟ್ಟಿ ಬಿಗಿದಿರಬೇಕು. ಒಮ್ಮೆ ಬಲವಾಗಿ ಬಡಿದ ಹೆಲ್ಮೆಟ್ ಹೊರಗೆ ಸರಿಯಾಗಿ ಕಂಡರೂ ಮತ್ತೆ ಬಳಸಬಾರದು. ಹೆಲ್ಮೆಟ್ ಒಳಗೆ ದಪ್ಪ ಉಣ್ಣೆ ಟೋಪಿ ಬೇಡ, ತೆಳುವಾದ ನಿಮ್ಮದೇ ಟೋಪಿ ಇರಲಿ. ಹತ್ತಾರು ಜನರು ಹಾಕಿದ ಬಾಡಿಗೆ ಹೆಲ್ಮೆಟ್‌ನಿಂದ ತಲೆಗೆ ಅದೇ ರಕ್ಷಣೆ. ಹಿಜಾಬ್ ಧರಿಸುವ ಹೆಣ್ಣುಮಕ್ಕಳು ಪಿನ್ನು ಬೇಡದ, ತಲೆಗೆ ಅಂಟಿ ನಿಲ್ಲುವ ತೆಳು ಬಟ್ಟೆಯದನ್ನು ಹಾಕಿಕೊಂಡು ಅದರ ಮೇಲೆ ಹೆಲ್ಮೆಟ್ ಧರಿಸಬಹುದು. ಪಿನ್ನು ಬಿದ್ದಾಗ ಚುಚ್ಚುತ್ತದೆ. ಜೋತುಬಿದ್ದ ದುಪಟ್ಟಾ, ಮಫ್ಲರ್ ಲಿಫ್ಟಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಕುತ್ತಿಗೆಗೆ ಕೊಳವೆಯಂಥ ಪಟ್ಟಿ ಸಾಕು.

ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರವರೆಗೆ ಹಿಂದಕ್ಕೆ ಚೆಲ್ಲುತ್ತದೆ. ಎತ್ತರ ಏರಿದಂತೆ ಈ ಕಿರಣಗಳ ತೀವ್ರತೆಯೂ ಏರುತ್ತದೆ. ಮೇಲಿನಿಂದ ಒಂದು ಬಿಸಿಲು, ಕೆಳಗಿನಿಂದ ಇನ್ನೊಂದು. ಕಣ್ಣಿಗೆ ರಕ್ಷಣೆ ಇಲ್ಲದಿದ್ದರೆ ಕಣ್ಣಿನ ಮೇಲ್ಪದರವೇ ಸುಡುತ್ತದೆ. ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ಆರೇಳು ಗಂಟೆಯ ನಂತರ, ರಾತ್ರಿ, ಕಣ್ಣಿಗೆ ಮರಳು ಎರಚಿದಂತೆ ಉರಿ, ನೀರು, ಬೆಳಕು ನೋಡಲಾಗದ ನೋವು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಕಣ್ಣುಜ್ಜಬೇಡಿ, ಲೆನ್ಸ್ ತೆಗೆಯಿರಿ, ಕತ್ತಲೆ ಕೋಣೆಯಲ್ಲಿ ವಿಶ್ರಾಂತಿ ಮಾಡಿ, ವೈದ್ಯರಿಗೆ ತೋರಿಸಿ. ಮೋಡವಿದ್ದ ದಿನವೂ ಗಾಗಲ್ಸ್ ಬೇಕು. ಮುಖಕ್ಕೆ ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಿ. ಮೂಗಿನ ಕೆಳಗೆ, ಗಲ್ಲದ ಅಡಿಯಲ್ಲಿ ಮರೆಯಬೇಡಿ, ಅಲ್ಲಿಗೆ ಬಿಸಿಲು ಕೆಳಗಿನಿಂದ ಬರುತ್ತದೆ.

ಬಟ್ಟೆಯಲ್ಲಿ ಒಂದೇ ನಿಯಮ: ಮೈಗೆ ತಾಗುವ ಪದರ ಹತ್ತಿಯದ್ದಾಗಿರಬಾರದು. ನಮ್ಮ ಸೆಕೆಗೆ ಹತ್ತಿ ಬನಿಯನ್ ಹಿತ. ಅಲ್ಲಿ ಅದು ಬೆವರು ಹೀರಿ ಒದ್ದೆಯಾಗಿ ಮೈಗಂಟಿ ದೇಹದ ಶಾಖವನ್ನು ಎಳೆಯುತ್ತದೆ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್, ನಡುವೆ ಫ್ಲೀಸ್ ಅಥವಾ ಸ್ವೆಟರ್, ಹೊರಗೆ ಗಾಳಿ ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟು. ಜೀನ್ಸ್ ಬೇಡವೇ ಬೇಡ. ಬೆವರುವ ಮೊದಲೇ ಒಂದು ಪದರ ಬಿಚ್ಚಿ, ನಡುಗುವ ಮೊದಲೇ ಒಂದು ಹಾಕಿಕೊಳ್ಳಿ. ಕೈಗವಸು ಎರಡು ಜೊತೆ ಇರಲಿ. ವುಝೂ ಮಾಡಿದ ಮೇಲೆ ಕೈಕಾಲು, ಬೆರಳ ಸಂದುಗಳನ್ನು ಒಣ ಟವೆಲಿನಿಂದ ಪೂರ್ತಿ ಒರೆಸಿದ ನಂತರವೇ ಕೈಗವಸು, ಕಾಲುಚೀಲ ಹಾಕಿಕೊಳ್ಳಿ.

ಪ್ರಯಾಣ ಮತ್ತು ಎತ್ತರ

ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗುಲ್ಮಾರ್ಗ್‌ಗೆ ಸುಮಾರು 50 ಕಿಲೋಮೀಟರ್. ಬೆಳಿಗ್ಗೆ ಮಂಗಳೂರಿನ ಸಮುದ್ರದ ದಡದಲ್ಲಿದ್ದವರು ರಾತ್ರಿ 2,650 ಮೀಟರಿನಲ್ಲಿ ಮಲಗಬಹುದು. ದೇಹಕ್ಕೆ ಅಷ್ಟು ಅವಸರ ಆಗದು. ಒಂದು ರಾತ್ರಿ ಶ್ರೀನಗರದಲ್ಲಿ ಉಳಿಯಿರಿ. ಗುಲ್ಮಾರ್ಗ್ ತಲುಪಿದ ದಿನ ಸುಮ್ಮನೆ ಅಡ್ಡಾಡಿ. ಅಫರ್ವಟ್ ಏರುವ ಆಸೆಯಿದ್ದರೆ ಒಂದೆರಡು ದಿನ ಕಳೆಯಲಿ.

ಎತ್ತರದಲ್ಲಿ ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಕಾಣಿಸಿದರೆ ಇನ್ನೂ ಮೇಲೆ ಹೋಗಬೇಡಿ. ವಿಶ್ರಾಂತಿ ಮಾಡಿ, ನೀರು ಕುಡಿಯಿರಿ. ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ಮಾತು ಅಥವಾ ನಡಿಗೆ ತೊದಲುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಕೆಳಗೆ, ಆಸ್ಪತ್ರೆಗೆ. ಎತ್ತರದ ಕಾಯಿಲೆಗೆ ಮಾತ್ರೆಗಳಿವೆ ನಿಜ. ಗೆಳೆಯ ಕೊಟ್ಟನೆಂದು ನುಂಗಬೇಡಿ, ನಿಮ್ಮ ವೈದ್ಯರನ್ನು ಕೇಳಿ.

ಹಿಮ ಬಿದ್ದಾಗ ವಿಮಾನ ರದ್ದಾಗುವುದು, ಹೆದ್ದಾರಿ ಮುಚ್ಚುವುದು ಅಲ್ಲಿ ಸಾಮಾನ್ಯ. ಮರಳುವ ಟಿಕೆಟ್‌ಗೆ ಮುನ್ನ ಒಂದು ದಿನ ಖಾಲಿ ಬಿಡಿ. ನಿತ್ಯದ ಔಷಧಿಗಳನ್ನು ಎರಡು ಮೂರು ದಿನ ಹೆಚ್ಚಾಗಿಯೇ ಒಯ್ಯಿರಿ, ಅದೂ ಕೈಚೀಲದಲ್ಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದು ಹೆಪ್ಪುಗಟ್ಟದಂತೆ ಜಾಕೆಟ್ಟಿನ ಒಳಜೇಬಿನಲ್ಲಿಡಿ, ಹೆಪ್ಪುಗಟ್ಟಿದ್ದನ್ನು ಬಳಸಬಾರದು. ಟಂಗ್‌ಮಾರ್ಗ್‌ನಿಂದ ಮೇಲಿನ 13 ಕಿಲೋಮೀಟರ್ ದಾರಿಯಲ್ಲಿ ಹಿಮವಿದ್ದರೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗಳೇ ಬೇಕು. ಬಾಡಿಗೆ ಉಳಿಸಲು ಸರಪಳಿ ಇಲ್ಲದ ಗಾಡಿ ಹತ್ತಬೇಡಿ. ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಸಿಮ್ ಇರುವ ಒಬ್ಬರಾದರೂ ಜೊತೆಗಿರಲಿ. ಪ್ರಯಾಣ ವಿಮೆ ಮಾಡಿಸುವಾಗ ಸ್ಕೀಯಿಂಗ್ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ. ಸಾಹಸ ಕ್ರೀಡೆ ಎಂದು ಹೊರಗಿಡುವ ವಿಮೆಗಳೇ ಹೆಚ್ಚು.

ಇಳಿಜಾರಿನಲ್ಲಿ

ಮೊದಲ ದಿನಗಳಿಗೆ ತರಬೇತುದಾರರು ಬೇಕೇ ಬೇಕು. ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಗುಲ್ಮಾರ್ಗ್‌ನಲ್ಲೇ ತರಬೇತಿ ಕೊಡುತ್ತದೆ. ಮೊದಲು ಕಲಿಯಬೇಕಾದದ್ದು ನಿಲ್ಲುವುದು, ಎರಡನೆಯದು ಬೀಳುವುದು, ಆಮೇಲೆ ಜಾರುವುದು.

ಎರಡೂ ಕೈ ಮುಂದೆ ಇರಲಿ, ಮೊಣಕಾಲು ಬಾಗಿರಲಿ, ಕಾಲಿನ ಮುಂಭಾಗದ ಮೂಳೆ ಬೂಟಿನ ನಾಲಿಗೆಗೆ ಒತ್ತಿರಲಿ. ಹೆದರಿಕೆಯಾದಾಗ ಮನುಷ್ಯ ಹಿಂದಕ್ಕೆ ವಾಲುತ್ತಾನೆ. ಹಿಂದೆ ವಾಲಿದಾಗ ಸ್ಕೀ ಮೇಲಿನ ಹಿಡಿತ ತಪ್ಪುತ್ತದೆ. ಸೊಂಟ ಮೊಣಕಾಲಿಗಿಂತ ಕೆಳಗಿಳಿದು, ಹಿಂದಕ್ಕೆ ಬೀಳುತ್ತಾ, ಎದ್ದೇಳಲು ಒದ್ದಾಡುವ ಕ್ಷಣದಲ್ಲೇ ಮೊಣಕಾಲಿನ ಲಿಗಮೆಂಟ್ ಹರಿಯುವುದು. ನಮ್ಮ ಹುಡುಗನಿಗೆ ಆದದ್ದು ಇದೇ. ಆದ್ದರಿಂದ ಬಿದ್ದಿರಿ ಎಂದು ಗೊತ್ತಾದರೆ ಬಿದ್ದುಬಿಡಿ. ಪಕ್ಕಕ್ಕೆ ಬೀಳಿ, ಜಾರುವುದು ನಿಂತ ಮೇಲೆ ಏಳಿ.

ಕೆಳಗಿರುವವರಿಗೆ ದಾರಿ ಬಿಡುವ ಹೊಣೆ ಮೇಲಿನಿಂದ ಬರುವವರದ್ದು. ನಡು ದಾರಿಯಲ್ಲಿ, ಮೇಲಿನವರಿಗೆ ಕಾಣದ ತಿರುವಿನಲ್ಲಿ ನಿಲ್ಲಬೇಡಿ. ಗುರುತು ಹಾಕಿದ ದಾರಿ ಬಿಟ್ಟು ಹೋಗಬೇಡಿ. 2023ರ ಫೆಬ್ರವರಿ 1ರಂದು ಅಫರ್ವಟ್‌ನಲ್ಲಿ ಹಿಮಕುಸಿತವಾಗಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಪ್ರಾಣ ಕಳೆದುಕೊಂಡರು. ಹಿಮಕುಸಿತದ ಎಚ್ಚರಿಕೆ ಕೊಟ್ಟ ದಿನ ಸುಮ್ಮನೆ ಕೆಳಗಿರಿ.

ಅರ್ಧ ದಿನದಿಂದ ಶುರು ಮಾಡಿ. ಎರಡು ಗಂಟೆ ಆಡಿದರೆ ಇಪ್ಪತ್ತು ನಿಮಿಷ ಕೂರಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಒಣ ಗಾಳಿಗೆ ಉಸಿರಿನಲ್ಲೇ ನೀರು ಹೋಗುತ್ತಿರುತ್ತದೆ. ಬಿಸಿನೀರಿನ ಫ್ಲಾಸ್ಕ್ ಇರಲಿ. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದು ಎಂದರ್ಥ. ಶೌಚಾಲಯ ದೂರವೆಂದು ನೀರು ಬಿಡುವುದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಮೂತ್ರದ ಸೋಂಕಿಗೆ ಅದೇ ದಾರಿ. ಜೇಬಿನಲ್ಲಿ ಖರ್ಜೂರ, ಬಾದಾಮಿ, ಕಡಲೆಚಿಕ್ಕಿ ಇದ್ದರೆ ಸಾಕು.

ತೊಡೆ ನಡುಗಿದಾಗ, ಒಂದೇ ಕಡೆ ಎರಡು ಬಾರಿ ಬಿದ್ದಾಗ, ಹಿಮ ಗಾಜಿನಂತೆ ಗಟ್ಟಿಯಾದಾಗ, ಆ ದಿನಕ್ಕೆ ಆಟ ಮುಗಿಯಿತು. "ಇನ್ನೊಂದೇ ಸಲ" ಎಂದು ಬಾಯಿಗೆ ಬಂದರೆ ಅದನ್ನೇ ಗಂಟೆ ಹೊಡೆದಂತೆ ತಿಳಿದು ಸ್ಕೀ ಬಿಚ್ಚಿ.

ಚಳಿ ಕಚ್ಚಿದರೆ, ಕೋಣೆ ಮುಚ್ಚಿದರೆ

ಡಿಸೆಂಬರ್ 21ರಿಂದ ನಲವತ್ತು ದಿನಗಳನ್ನು ಕಾಶ್ಮೀರಿಗಳು ಚಿಲ್ಲಾ ಇ ಕಲಾನ್ ಎನ್ನುತ್ತಾರೆ, ಅತಿ ಕಟುವಾದ ಚಳಿಯ ಕಾಲ. ಬೆರಳು, ಮೂಗು, ಕಿವಿ ಮೊದಲು ಬಿಳಿಚಿ ಜೋಮು ಹಿಡಿಯುತ್ತವೆ. ಜೊತೆಗಾರರ ಮುಖ ಆಗಾಗ ನೋಡಿ, ತಮ್ಮ ಮೂಗು ಬಿಳಿಚಿದ್ದು ತಮಗೆ ಕಾಣುವುದಿಲ್ಲ. ಬಿಳಿಚಿದ್ದರೆ ಒಳಗೆ ಬನ್ನಿ. ಬೆರಳನ್ನು ಕಂಕುಳಲ್ಲಿಟ್ಟುಕೊಳ್ಳಿ. ಹಿಮದಿಂದ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯದು. ಗಟ್ಟಿಯಾಗಿದ್ದರೆ, ಬೊಬ್ಬೆ ಬಂದರೆ 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿಟ್ಟು ವೈದ್ಯರ ಬಳಿ ಕರೆದೊಯ್ಯಿರಿ. ಮತ್ತೆ ಚಳಿಗೆ ಒಡ್ಡುವ ಸಂಭವವಿದ್ದರೆ ಬಿಸಿ ಮಾಡಬೇಡಿ. ಯಾರಾದರೂ ವಿಪರೀತ ನಡುಗಿ, ಮಾತು ತೊದಲಿ, ಮಂಕಾದರೆ ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಹೊದಿಸಿ, ಸರಿಯಾಗಿ ನುಂಗುವಷ್ಟು ಎಚ್ಚರವಿದ್ದರೆ ಮಾತ್ರ ಬಿಸಿ ಸಿಹಿ ಪಾನೀಯ ಕೊಟ್ಟು ಆಸ್ಪತ್ರೆಗೆ ಸಾಗಿಸಿ.

ಇಳಿಜಾರಿನಷ್ಟೇ ಅಪಾಯ ರಾತ್ರಿಯ ಕೋಣೆಯಲ್ಲೂ ಇದೆ. ಫೆರನ್ ಒಳಗೆ ಇಟ್ಟುಕೊಳ್ಳುವ ಕೆಂಡದ ಕಾಂಗ್ಡಿ, ಸೌದೆಯ ಬುಖಾರಿ, ಗ್ಯಾಸ್ ಹೀಟರ್, ಗ್ಯಾಸ್ ಗೀಸರ್ ಎಲ್ಲವೂ ಕಾರ್ಬನ್ ಮೋನಾಕ್ಸೈಡ್ ಉಗುಳಬಲ್ಲವು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಬಾಗಿಲು ಮುಚ್ಚಿ ಮಲಗಿದವರು ಏಳದೇ ಹೋಗಬಹುದು. ಮಲಗುವ ಮುನ್ನ ಬೆಂಕಿ ಹೊರಗೆ ಹೋಗಲಿ, ಕಂಬಳಿ ಒಳಗೆ ಬರಲಿ. ಕಿಟಕಿ ಸ್ವಲ್ಪ ತೆರೆದಿರಲಿ. ಕೋಣೆಯಲ್ಲಿರುವ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಅದನ್ನು ಎತ್ತರದ ತೊಂದರೆ ಎಂದು ಬಿಡಬೇಡಿ. ಎಲ್ಲರೂ ತಕ್ಷಣ ಹೊರಗೆ ಬನ್ನಿ.

ಪೆಟ್ಟಾದರೆ

ಬಿದ್ದವರನ್ನು ಎಳೆದಾಡಿ ನಿಲ್ಲಿಸಬೇಡಿ. ಮೇಲಿನವರಿಗೆ ಕಾಣುವಂತೆ ಎರಡು ಸ್ಕೀಗಳನ್ನು ಗುಣಾಕಾರದ ಚಿಹ್ನೆಯಂತೆ ಹಿಮದಲ್ಲಿ ನೆಟ್ಟು, ರಕ್ಷಣಾ ತಂಡವನ್ನು ಕರೆಯಿರಿ. ಕುತ್ತಿಗೆ, ಬೆನ್ನು ನೋಯುತ್ತಿದ್ದರೆ ಅಲುಗಾಡಿಸಲೇಬೇಡಿ. ತಲೆಗೆ ಪೆಟ್ಟಾಗಿ ಒಂದು ಕ್ಷಣ ಮಂಕಾದವರೂ ಅಂದು ಮತ್ತೆ ಆಡಬಾರದು. ಮೊಣಕಾಲಿನಲ್ಲಿ "ಟಪ್" ಎಂದ ಹಾಗಾಗಿ, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಅದು ಬರೀ ಉಳುಕಲ್ಲ. ಬಟ್ಟೆ ಸುತ್ತಿದ ಮಂಜುಗಡ್ಡೆ ಇಟ್ಟು, ಕಾಲು ಎತ್ತರಿಸಿ, ಭಾರ ಹಾಕದೆ ಶ್ರೀನಗರದ ಮೂಳೆ ಆಸ್ಪತ್ರೆಗೆ ಹೋಗಿ. ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಪ್ಲಾಸ್ಟರ್ ಹಾಕಿಸಿದ್ದರೆ ವಿಮಾನ ಹತ್ತುವ ಮುನ್ನ ವೈದ್ಯರನ್ನು ಕೇಳಿ. ಆಕಾಶದಲ್ಲಿ ಕಾಲು ಊದಬಹುದು, ಅಲುಗಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು.

ವೀಲ್‌ಚೇರಿನಲ್ಲಿ ಮಗನನ್ನು ಕಂಡಾಗ ನನ್ನ ಅಕ್ಕ ಅಳಲಿಲ್ಲ. ನನ್ನ ಕಡೆ ತಿರುಗಿ, "ನೀನು ಜೊತೆಗಿದ್ದೂ ಹೀಗಾಯ್ತಾ?" ಎಂದು ಮಾತ್ರ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಜೊತೆಗೆ ಹೋಗುವವರ ಕೆಲಸ ಫೋಟೋ ತೆಗೆಯುವುದಷ್ಟೇ ಅಲ್ಲ, "ಸಾಕು" ಎಂದು ಹೇಳಿ ನಿಲ್ಲಿಸುವುದೂ ಹೌದು ಎಂದು ಆಗ ಅರ್ಥವಾಯಿತು.

ಶಸ್ತ್ರಚಿಕಿತ್ಸೆಯಾಗಿದೆ. ಮತ್ತೆ ಓಡಾಟದ ಆಟಗಳಿಗೆ ಇಳಿಯಲು ಒಂಬತ್ತು ತಿಂಗಳಾದರೂ ಬೇಕು ಎಂದಿದ್ದಾರೆ ವೈದ್ಯರು. ಹುಡುಗ ಈಗ ದಿನವೂ ಗೋಡೆಗೆ ಒರಗಿ ಆ ಇಲ್ಲದ ಕುರ್ಚಿಯ ಮೇಲೆ ಕೂರುತ್ತಾನೆ. ಮೊನ್ನೆ ಹೇಳಿದ: "ಡಾಕ್ಟರ್ ಹೂಂ ಅಂದ್ರೆ ಮತ್ತೆ ಹೋಗ್ತೀನಿ ಮಾಮು. ಆದ್ರೆ ಈ ಸಲ ಬೂಟು ನೀವೇ ನೋಡಿ ಕೊಡಿಸಿ. ಮೂರು ಗಂಟೆಗೆ ಕೆಳಗೆ ಕರೀರಿ, ಬಂದ್ಬಿಡ್ತೀನಿ."

ಚೀಲ ಕಟ್ಟುವಾಗ ನೆನಪಿರಲಿ

ಉಣ್ಣೆ ಅಥವಾ ಸಿಂಥೆಟಿಕ್ ಒಳ ಉಡುಪು ಎರಡು ಜೊತೆ. ಮೊಣಕಾಲುದ್ದದ ಕಾಲುಚೀಲ, ದಿನಕ್ಕೊಂದು ಜೊತೆ. ಕೈಗವಸು ಎರಡು ಜೊತೆ. ಹೆಲ್ಮೆಟ್ ಒಳಗಿನ ತೆಳು ಟೋಪಿ. ಗಾಗಲ್ಸ್. ಸನ್‌ಸ್ಕ್ರೀನ್, ತುಟಿಗೆ ಮುಲಾಮು. ಚಿಕ್ಕ ಒಣ ಟವೆಲ್. ಫ್ಲಾಸ್ಕ್. ಕ್ರೇಪ್ ಬ್ಯಾಂಡೇಜ್, ಬೊಬ್ಬೆಗೆ ಪಟ್ಟಿ. ನಿತ್ಯದ ಔಷಧಿ ಮತ್ತು ವೈದ್ಯರ ಚೀಟಿ. ವಿಮೆಯ ಪ್ರತಿ. ಪಾದದ ಉದ್ದ, ಮೈತೂಕ, ಎತ್ತರ, ರಕ್ತದ ಗುಂಪು ಬರೆದ ಒಂದು ಚೀಟಿ ಜೇಬಿನಲ್ಲಿ.